ನೀರಿಗೊಂದು ಕಾನೂನು, ಮೀನಿಗೊಂದು ಚೀಟಿ

ಗಾಳ ಹಾಕುವವನಿಗೆ ನಮ್ಮ ಕಡೆ ಬೇಕಾದದ್ದು ಒಂದು ಬಿದಿರು ಕೋಲು, ತೆಂಗಿನ ಚಿಪ್ಪಿನಲ್ಲಿ ನಾಲ್ಕು ಎರೆಹುಳು, ಮನೆಯವರು ಯಾರೂ ಕೂಗಿ ಕರೆಯದ ಒಂದು ಮಧ್ಯಾಹ್ನ. ಕೆರೆಯ ಮೀನು ಹರಾಜಾಗಿರುತ್ತದೆ, ಗುತ್ತಿಗೆದಾರನ ಆಳು ಏರಿಯ ಮೇಲೆ ಬಂದು ಗದರಿಸುತ್ತಾನೆ ಎಂಬುದು ಊರಿನ ಹುಡುಗರಿಗೆಲ್ಲ ಗೊತ್ತು. ಅವನು ಬರುವಷ್ಟರಲ್ಲಿ ಸಿಕ್ಕಿದ್ದು ಲಾಭ. ಹಾಗೆ ನೋಡಿದರೆ ಮೀನು ಹಿಡಿಯಲು ಹಕ್ಕು ಬೇಕು ಎನ್ನುವುದು ನಮಗೆ ಹೊಸ ಸಂಗತಿಯೇನೂ ಅಲ್ಲ. ಆ ಹಕ್ಕನ್ನು ಯಾರೂ ಗಾಳದ ಹುಡುಗನ ಮಟ್ಟಕ್ಕೆ ಇಳಿಸಿ ಕೇಳುವುದಿಲ್ಲ, ಅಷ್ಟೆ.

ಹೀಗೆ ಬೆಳೆದವರು ಇವತ್ತು ನಿವೃತ್ತರಾಗಿ, ಮಗನ ಮನೆಯೋ ಮಗಳ ಬಾಣಂತನವೋ ಎಂದು ಕ್ಯಾಲಿಫೋರ್ನಿಯಕ್ಕೋ ಲಂಡನ್ನಿಗೋ ಹೋಗಿ ಮೂರು ತಿಂಗಳು ಕೂರುತ್ತಾರೆ. ಮನೆಯ ಹಿಂದೆ ಒಂದು ಕೆರೆ. ಮೀನು ನೀರಿನ ಮೇಲಕ್ಕೆ ಚಿಮ್ಮುವುದು ಕಿಟಕಿಯಿಂದಲೇ ಕಾಣುತ್ತದೆ. ‘ತಾತ, ಅಲ್ಲಿ ಮೀನಿದೆ’ ಎಂದು ಮೊಮ್ಮಗ ಹೇಳಿದ ಮೇಲೆ ಕೈ ಸುಮ್ಮನಿರುವುದಾದರೂ ಹೇಗೆ? ಅಂಗಡಿಯಲ್ಲಿ ಗಾಳದ ಕೋಲು ಧಾರಾಳವಾಗಿ ಸಿಗುತ್ತದೆ, ಅಗ್ಗವೂ ಹೌದು. ಕೋಲು ಕೊಂಡದ್ದೇ ಅನುಮತಿ ಎಂದುಕೊಂಡವರು ದಂಡ ಕಟ್ಟಿದ್ದಾರೆ.

ಕ್ಯಾಲಿಫೋರ್ನಿಯದ ನಿಯಮವನ್ನೇ ನೋಡಿ. 16 ವರ್ಷ ತುಂಬಿದ ಯಾರೇ ಆಗಲಿ, ಗಾಳ ಹಾಕಲು ರಾಜ್ಯದ ಲೈಸೆನ್ಸ್ ಪಡೆಯಬೇಕು. ಮೊಮ್ಮಗನಿಗೆ ಹತ್ತು ವರ್ಷವಾದರೆ ಅವನಿಗೆ ಬೇಡ. ಆದರೆ ಅವನ ಕೋಲನ್ನು ‘ಕೊಡು ಇಲ್ಲಿ, ಹೀಗೆ ಎಸೀಬೇಕು’ ಎಂದು ತಾತ ಕೈಗೆ ತೆಗೆದುಕೊಂಡರೆ ಗಾಳ ಹಾಕಿದವರು ತಾತನೇ. ಸಮುದ್ರದೊಳಕ್ಕೆ ಚಾಚಿಕೊಂಡ ಸಾರ್ವಜನಿಕ ಕಟ್ಟೆಗಳಲ್ಲಿ ಮಾತ್ರ ಲೈಸೆನ್ಸ್ ಬೇಕಿಲ್ಲ. ವರ್ಷಕ್ಕೆರಡು ದಿನ ಎಲ್ಲರಿಗೂ ಬಿಟ್ಟಿ. ಆ ಎರಡು ದಿನವೂ, ಆ ಕಟ್ಟೆಯ ಮೇಲೂ, ಎಷ್ಟು ಉದ್ದದ ಮೀನು, ದಿನಕ್ಕೆ ಎಷ್ಟು ಎಂಬ ಲೆಕ್ಕ ತಪ್ಪುವುದಿಲ್ಲ. ಮೊದಲು ಡಿಸೆಂಬರ್ 31ಕ್ಕೆ ಮುಗಿದುಹೋಗುತ್ತಿದ್ದ ವಾರ್ಷಿಕ ಲೈಸೆನ್ಸು 2023ರಿಂದ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ನವೆಂಬರಿನಲ್ಲಿ ಹೋಗುವವರಿಗೆ ಇದರಿಂದ ಅನುಕೂಲವೇ ಆಗಿದೆ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಅಮೆರಿಕದ ಲೈಸೆನ್ಸ್ ಎಂಬುದೊಂದಿಲ್ಲ. ರಾಜ್ಯಕ್ಕೊಂದು ಲೈಸೆನ್ಸು, ಆ ರಾಜ್ಯದ ನಿವಾಸಿಗೊಂದು ದರ, ಹೊರಗಿನವನಿಗೆ ಅದಕ್ಕಿಂತ ಹೆಚ್ಚು. ಗಡಿ ದಾಟಿದರೆ ಹೊಸ ಚೀಟಿ. ಇದು ಸರ್ಕಾರದ ದುಡ್ಡಿನಾಸೆ ಎಂದು ಗೊಣಗುವವರಿದ್ದಾರೆ. ಅದು ಪೂರ್ತಿ ನ್ಯಾಯವಾದ ಮಾತಲ್ಲ. 1950ರಲ್ಲಿ ಅಲ್ಲಿ ಒಂದು ಕೇಂದ್ರ ಕಾಯಿದೆ ಬಂತು. ಗಾಳದ ಸಾಮಾನಿನ ಮೇಲೆ ಒಂದು ತೆರಿಗೆ. ಆ ಹಣ ಮೀನಿನ ಕೆಲಸಕ್ಕಾಗಿ ರಾಜ್ಯಗಳಿಗೆ ಹಂಚಿಕೆ. ಹಂಚಿಕೆ ಬೇಕಾದ ರಾಜ್ಯ ತನ್ನ ಲೈಸೆನ್ಸಿನ ಹಣವನ್ನು ಮೀನು ಇಲಾಖೆಯ ಆಚೆಗೆ, ರಸ್ತೆಗೋ ಸಂಬಳಕ್ಕೋ ತಿರುಗಿಸುವಂತಿಲ್ಲ. ಗಾಳಗಾರನ ದುಡ್ಡು ನೀರಿಗೇ ಮರಳಬೇಕು ಎಂಬ ಈ ಬಿಗಿ ನಮ್ಮ ಕೆರೆ ಹರಾಜಿನ ಹಣಕ್ಕೂ ಇದ್ದಿದ್ದರೆ ಎಷ್ಟು ಕೆರೆಗಳ ಹೂಳು ಎತ್ತಬಹುದಿತ್ತು!

ರಾಜ್ಯದ ಲೈಸೆನ್ಸ್ ಜೇಬಿನಲ್ಲಿದೆ ಎಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಅಲ್ಲಿ ಅದು ಬರೀ ಕಾಗದ. ಉದ್ಯಾನ ವಯೋಮಿಂಗ್, ಮೊಂಟಾನ, ಐಡಹೊ ಎಂಬ ಮೂರು ರಾಜ್ಯಗಳಲ್ಲಿ ಹರಡಿಕೊಂಡಿದ್ದರೂ ಆ ಮೂರರ ಲೈಸೆನ್ಸೂ ಅಲ್ಲಿ ನಡೆಯದು. ಉದ್ಯಾನದ್ದೇ ಅನುಮತಿ ಪತ್ರ ಬೇಕು. ಎರೆಹುಳು ನಿಷಿದ್ಧ. ಸೀಸದ ಗುಂಡು ನಿಷಿದ್ಧ. ಗಾಳದ ಕೊಕ್ಕೆಗೆ ಹಿಮ್ಮುಳ್ಳು ಇರಬಾರದು. ಅಲ್ಲಿನ ಮೂಲ ನಿವಾಸಿಯಾದ ಕಟ್‌ಥ್ರೋಟ್ ಟ್ರೌಟ್ ಸಿಕ್ಕಿದರೆ ಹಾಗೆಯೇ ನೀರಿಗೆ ಬಿಡಬೇಕು. ಅದೇ ಯೆಲ್ಲೋಸ್ಟೋನ್ ಸರೋವರದಲ್ಲಿ ಲೇಕ್ ಟ್ರೌಟ್ ಸಿಕ್ಕಿದರೆ ಬಿಡುವಂತಿಲ್ಲ, ಕೊಲ್ಲಲೇಬೇಕು!

ಒಂದೇ ನೀರು, ಒಂದೇ ಗಾಳ. ಒಂದು ಮೀನಿಗೆ ಅಭಯ, ಇನ್ನೊಂದಕ್ಕೆ ಮರಣ. ಕಾರಣ ಕೇಳಿದರೆ ಈ ವಿಚಿತ್ರ ಹೋಗಿಬಿಡುತ್ತದೆ. ಲೇಕ್ ಟ್ರೌಟ್ ಆ ಸರೋವರದ್ದಲ್ಲ, ಯಾರೋ ತಂದು ಬಿಟ್ಟಿದ್ದು. 1994ರಲ್ಲಿ ಅದು ಅಲ್ಲಿರುವುದು ಪತ್ತೆಯಾಯಿತು. ಅದು ಆಳದಲ್ಲಿರುವ ಮೀನು, ಕಟ್‌ಥ್ರೋಟನ್ನು ತಿಂದು ಬೆಳೆಯುತ್ತದೆ. ಕಟ್‌ಥ್ರೋಟಾದರೋ ಮೊಟ್ಟೆಯಿಡಲು ತೆಳು ನೀರಿನ ತೊರೆಗಳಿಗೆ ಏರಿ ಬಂದು ಕರಡಿಗೂ ಹದ್ದಿಗೂ ಊಟವಾಗುತ್ತಿತ್ತು. ಅದು ಕಡಿಮೆಯಾದಾಗ ದಡದ ಪ್ರಾಣಿಗಳೂ ಉಪವಾಸ ಬಿದ್ದವು. ಆಳದಲ್ಲಿ ಕೂತ ಹೊಸಬ ಅವುಗಳ ಕೈಗೆ ಸಿಗುವವನಲ್ಲ. ಇಷ್ಟು ದೊಡ್ಡ ಕತೆಯನ್ನು ಕಾನೂನು ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಮೀನನ್ನು ಗುರುತಿಸಲು ಬಾರದವನು ಆ ಎರಡು ಸಾಲನ್ನೂ ಮುರಿಯುತ್ತಾನೆ. ಆದ್ದರಿಂದ ಗಾಳಕ್ಕೆ ಮುಂಚೆ ಮೀನಿನ ಚಿತ್ರಗಳಿರುವ ಹಾಳೆಯನ್ನು ನೋಡಿಕೊಳ್ಳುವುದು ವಿವೇಕ.

ಇಂಗ್ಲೆಂಡಿಗೆ ಹೋದವರಿಗೆ ಬೇರೆ ಬಗೆಯ ಗೊಂದಲ. ಅಲ್ಲಿ ಸಿಹಿನೀರಿನ ಮೀನಿಗೆ ಗಾಳ ಹಾಕಲು 13 ವರ್ಷದಿಂದಾಚೆಗೆ ಎಲ್ಲರಿಗೂ ‘ರಾಡ್ ಲೈಸೆನ್ಸ್’ ಬೇಕು. ಒಂದು ದಿನದ್ದು, ಎಂಟು ದಿನದ್ದು, ಹನ್ನೆರಡು ತಿಂಗಳದ್ದು ಇದೆ. ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡಿನವರೆಗೂ ಹೋಗಬಹುದು. ಸಮುದ್ರದ ಮೀನಿಗೆ ಈ ಲೈಸೆನ್ಸ್ ಬೇಡ. ಇಷ್ಟನ್ನು ಓದಿಕೊಂಡು, ದುಡ್ಡು ಕಟ್ಟಿ, ಹೊಳೆಯ ದಡದಲ್ಲಿ ಕೂತವನನ್ನು ಇನ್ನೊಬ್ಬರು ಬಂದು ಎಬ್ಬಿಸುತ್ತಾರೆ. ಯಾಕೆಂದರೆ ಆ ಲೈಸೆನ್ಸು ಕೋಲಿಗೆ ಸಿಕ್ಕಿದ್ದು, ದಡಕ್ಕೆ ಸಿಕ್ಕಿದ್ದಲ್ಲ. ದಡದ ಹಕ್ಕು ಜಮೀನಿನ ಯಜಮಾನನದೋ ಗಾಳಗಾರರ ಕ್ಲಬ್ಬಿನದೋ ಆಗಿರುತ್ತದೆ. ಅವರ ಚೀಟಿ ಬೇರೆ, ಅವರ ದರ ಬೇರೆ. ಡ್ರೈವಿಂಗ್ ಲೈಸೆನ್ಸ್ ಇದೆ ಎಂದು ಪಕ್ಕದ ಮನೆಯವರ ಕಾರು ತೆಗೆದುಕೊಂಡು ಹೋಗಲಾಗುತ್ತದೆಯೇ? ಹಾಗೆಯೇ ಇದು.

ಇನ್ನೊಂದು ತೊಡಕು ಪಂಚಾಂಗದ್ದು. ನಮ್ಮವರು ಮಕ್ಕಳ ಮನೆಗೆ ಹೊರಡುವುದು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಇಲ್ಲಿ ಬಿಸಿಲು, ಅಲ್ಲಿ ಹಿತ. ಇಂಗ್ಲೆಂಡಿನ ಹೊಳೆಗಳಲ್ಲಿ ಸಾಮಾನ್ಯ ಮೀನುಗಳಿಗೆ ಗಾಳ ಹಾಕುವುದು ಮಾರ್ಚ್ 15ರಿಂದ ಜೂನ್ 15ರವರೆಗೆ ಬಂದ್. ಮೀನುಗಳು ಮೊಟ್ಟೆಯಿಡುವ ಕಾಲವೆಂದು ಹಾಕಿದ ಕಟ್ಟು ಇದು. ಸರಿಯಾಗಿ ನಮ್ಮವರು ಅಲ್ಲಿರುವ ದಿನಗಳು! ಕೊಳ, ಕಾಲುವೆಗಳಲ್ಲಿ ಬಹುಮಟ್ಟಿಗೆ ಈ ಅಡ್ಡಿ ಇಲ್ಲ. ಹೊಳೆಯೇ ಬೇಕೆನ್ನುವವರು ಟಿಕೆಟ್ಟನ್ನು ಜೂನ್ ಮಧ್ಯದ ನಂತರಕ್ಕೆ ಮಾಡಿಸಬೇಕು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಗಾಳದ ಲೈಸೆನ್ಸೇ ಇಲ್ಲ. ಕೇಳಿ ಸಂತೋಷಪಡುವ ಮುಂಚೆ ಉಳಿದದ್ದನ್ನೂ ಕೇಳಬೇಕು. ಅಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಎಂಬುದೇ ಒಂದು ಆಸ್ತಿ. ಜಮೀನಿನಿಂದ ಬೇರೆಯಾಗಿ ಅದನ್ನು ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಒಡೆಯನ ಲಿಖಿತ ಅನುಮತಿ ಇಲ್ಲದೆ ಸಾಲ್ಮನ್‌ಗೆ ಗಾಳ ಹಾಕಿದರೆ ಅಪರಾಧ. ಭಾನುವಾರ ಒಡೆಯನೂ ಹಾಕುವಂತಿಲ್ಲ. ವಾರಾಂತ್ಯದ ಪ್ರವಾಸ ಹಾಕಿಕೊಂಡವರಿಗೆ ಅರ್ಧ ಪ್ರವಾಸ ಅಲ್ಲಿಗೇ ಖೋತಾ.

ಜರ್ಮನಿಯಲ್ಲಿ ದುಡ್ಡು ಕೊಟ್ಟರೂ ಸಾಲದು, ಪರೀಕ್ಷೆ ಪಾಸಾಗಬೇಕು. ಮೀನಿನ ಜಾತಿ, ನೀರಿನ ಗುಣ, ಸಲಕರಣೆ, ಕಾನೂನು, ಹಿಡಿದ ಮೀನನ್ನು ನೋವಾಗದಂತೆ ಕೊಲ್ಲುವ ಬಗೆ – ಇಷ್ಟೂ ಪಠ್ಯ. ಉತ್ತರದ ಕೆಲವು ರಾಜ್ಯಗಳು ಪ್ರವಾಸಿಗರಿಗೆಂದು ಪರೀಕ್ಷೆಯಿಲ್ಲದ ಅಲ್ಪಾವಧಿ ಚೀಟಿ ಕೊಡುತ್ತವೆ. ಕುತೂಹಲದ ಸಂಗತಿ ಬೇರೆ ಇದೆ. ಹಿಡಿದು ಮುತ್ತಿಟ್ಟು ಬಿಟ್ಟುಬಿಡುವುದು ಬಹಳ ಕಡೆ ದೊಡ್ಡ ಸದ್ಗುಣ. ಜರ್ಮನಿಯ ಪ್ರಾಣಿದಯಾ ಕಾಯಿದೆಗೆ ಅದು ಒಪ್ಪಿಗೆಯಲ್ಲ: ತಕ್ಕ ಕಾರಣವಿಲ್ಲದೆ ಬೆನ್ನೆಲುಬಿರುವ ಪ್ರಾಣಿಗೆ ನೋವು ಕೊಡುವಂತಿಲ್ಲ, ಊಟಕ್ಕೆ ಹಿಡಿಯುವುದು ತಕ್ಕ ಕಾರಣ, ಬರೀ ಆಟಕ್ಕೆ ಹಿಡಿಯುವುದು ಅಲ್ಲ. ನಮ್ಮ ಊರಿನ ಗಾಳದ ಹುಡುಗ ಈ ತರ್ಕವನ್ನು ತಕ್ಷಣ ಒಪ್ಪುತ್ತಾನೆ. ತಿನ್ನದ ಮೀನನ್ನು ಯಾಕೆ ಹಿಡಿಯಬೇಕು ಎಂಬುದು ಅವನಿಗೆ ಎಂದೂ ಅರ್ಥವಾಗಿಲ್ಲ.

ನ್ಯೂಜಿಲೆಂಡಿನ ಕಥೆ ಬೂಟಿನದು. 2004ರಲ್ಲಿ ದಕ್ಷಿಣ ದ್ವೀಪದ ಹೊಳೆಯೊಂದರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಅದರ ಒಂದು ತೊಟ್ಟು ಸಾಕು, ಇನ್ನೊಂದು ಹೊಳೆಗೆ ಅಂಟಿಕೊಳ್ಳಲು. ಗಾಳಗಾರರು ನೀರಿಗಿಳಿಯುವಾಗ ಜಾರದಂತೆ ಹಾಕುವ ಉಣ್ಣೆಯಂಥ ಫೆಲ್ಟ್ ಅಟ್ಟೆಯ ಬೂಟು ಬೇಗ ಒಣಗುವುದಿಲ್ಲ. 2008ರಿಂದ ಆ ಅಟ್ಟೆಯೇ ನಿಷೇಧ. ಬಳಸಿದ ಗಾಳದ ಸಾಮಾನು ಇದ್ದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ಅವರು ಬಿಚ್ಚಿ ನೋಡುತ್ತಾರೆ. ಟ್ರೌಟ್ ಹಿಡಿಯುವ ಲೈಸೆನ್ಸು ದೇಶದ ಬಹುಭಾಗಕ್ಕೆ ಒಂದು. ಪ್ರಸಿದ್ಧವಾದ ಟೌಪೊ ಸರೋವರ ಪ್ರದೇಶಕ್ಕೆ ಮಾತ್ರ ಬೇರೆಯೇ. ಹೋದವರಲ್ಲಿ ಅರ್ಧ ಜನ ಟೌಪೊಗೇ ಹೋಗುವುದು, ತಪ್ಪು ಲೈಸೆನ್ಸ್ ಹಿಡಿದು.

ಇನ್ನು ನಾರ್ವೆ. ಅಲ್ಲಿನ ಸಮುದ್ರದಲ್ಲಿ ಕೈಗಾಳ ಹಾಕಲು ವಿದೇಶಿಯರಿಗೂ ಶುಲ್ಕವಿಲ್ಲ. ಮಾರುವಂತಿಲ್ಲ, ದೇಶದ ಹೊರಗೆ ಒಯ್ಯುವ ತೂಕಕ್ಕೆ ಮಿತಿ ಉಂಟು. ಹೊಳೆಯ ಸಾಲ್ಮನ್‌ಗೆ ಮಾತ್ರ ಸರ್ಕಾರದ ಶುಲ್ಕ ಒಂದು, ಆ ಹೊಳೆಯ ಚೀಟಿ ಇನ್ನೊಂದು, ಜೊತೆಗೆ ಪರಾವಲಂಬಿ ಹುಳುವಿನ ಭಯದಿಂದ ಸಲಕರಣೆಗಳನ್ನೆಲ್ಲ ಔಷಧಿಯಲ್ಲಿ ಅದ್ದಿಸಬೇಕು. ಇವೆಲ್ಲ ಮುಗಿಸಿಕೊಂಡು, ವರ್ಷದ ಹಿಂದೆಯೇ ದುಡ್ಡು ಕಟ್ಟಿ ಬಂದವರಿಗೂ 2024ರ ಜೂನ್‌ನಲ್ಲಿ ಆಘಾತ ಕಾದಿತ್ತು. ಸಮುದ್ರದಿಂದ ಮರಳಬೇಕಾದ ಸಾಲ್ಮನ್ ಮರಳಲಿಲ್ಲವೆಂದು ಹಂಗಾಮಿನ ನಡುವೆಯೇ 33 ಹೊಳೆಗಳನ್ನು ಮುಚ್ಚಿಬಿಟ್ಟರು. ಕೈಯಲ್ಲಿರುವ ಚೀಟಿ ಖೊಟ್ಟಿಯಲ್ಲ, ಮೀನಿಲ್ಲ. ಹೋಟೆಲಿನವನಿಗೆ ಕೊಟ್ಟ ಮುಂಗಡ ವಾಪಸು ಬರುತ್ತದೆಯೇ ಎಂಬುದನ್ನು ಮೊದಲೇ ಬರೆಸಿಕೊಂಡವರು ಬುದ್ಧಿವಂತರು.

ಇದನ್ನೇ ತಿರುಗಿಸಿ, ವಿದೇಶಿ ಗಾಳಗಾರ ನಮ್ಮಲ್ಲಿಗೆ ಬಂದಾಗ ಏನಾಯಿತೆಂದು ನೋಡಬಹುದು. ಕಾವೇರಿಯ ಬಿಳಿಮೀನು, ಇಂಗ್ಲಿಷಿನವರ ಮಹಶೀರ್, ಜಗತ್ತಿನ ಗಾಳಗಾರರ ಕನಸು. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ ಮೀನು ಹಿಡಿದದ್ದು ಇವತ್ತಿಗೂ ಅವರ ಬಾಯಲ್ಲಿದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ಇಂಗ್ಲೆಂಡಿನಿಂದ ಜನ ಬರುತ್ತಿದ್ದರು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ನಮ್ಮ ರಾಗಿ ಮುದ್ದೆ! ದಾರಿ ತೋರಿಸುತ್ತಿದ್ದವರು ದಡದ ಹಳ್ಳಿಗಳವರು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ನೀರಿಗೆ ಬಿಡುವುದು ನಿಯಮ. ಆದರೆ ಅದು ವನ್ಯಧಾಮ. 1972ರ ವನ್ಯಜೀವಿ ಕಾಯಿದೆಯ ಕಣ್ಣಿನಲ್ಲಿ ಹಿಡಿಯುವುದೂ ಬೇಟೆಯೇ. 2012ರಲ್ಲಿ ವನ್ಯಧಾಮದೊಳಗೆ ಗಾಳ ನಿಂತಿತು. ಹಳೆಯ ಪುಸ್ತಕ ಓದಿಕೊಂಡು ಬಂದವರಿಗೆ ಭೀಮೇಶ್ವರಿಯಲ್ಲಿ ಈಗ ಸಿಗುವುದು ತೆಪ್ಪದ ವಿಹಾರ, ಹಕ್ಕಿ ನೋಟ.

ಕಾನೂನು ಸರಿಯೋ ತಪ್ಪೋ ಎಂಬುದು ಇಂದಿಗೂ ಚರ್ಚೆ. ಗಾಳಗಾರರ ಕಾವಲಿದ್ದ ಕಡೆ ಸಿಡಿಮದ್ದು ಹಾಕುವವರು ಹೆದರುತ್ತಿದ್ದರು ಎಂಬ ವಾದದಲ್ಲಿ ಹುರುಳಿದೆ. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಬರೆದಿಟ್ಟ ಆ ಪುಸ್ತಕದ ಲೆಕ್ಕದಿಂದಲೇ ವಿಜ್ಞಾನಿಗಳಿಗೆ ತಿಳಿದದ್ದು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೆಚ್ಚುತ್ತಿದೆ, ಕಾವೇರಿಯ ಮೂಲದ ಗೂನುಬೆನ್ನಿನದು ಕಾಣೆಯಾಗುತ್ತಿದೆ ಎಂದು. ಆ ಗೂನುಬೆನ್ನಿನ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಯೆಲ್ಲೋಸ್ಟೋನಿನ ಎರಡು ಸಾಲಿನ ಕಾನೂನಿನಂಥದ್ದು ಇಲ್ಲಿಗೂ ಬೇಕಿತ್ತೇನೋ.

ಹೊರಡುವವರು ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ವಿಮಾನದ ಟಿಕೆಟ್ಟಿನಿಂದ ಖಂಡಿತ ಬೇಡ. ಯಾವ ನೀರು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಆ ನೀರು ಯಾರದು, ಅಲ್ಲಿ ಯಾವ ಮೀನಿಗೆ ಯಾವ ತಿಂಗಳು ತೆರೆದಿರುತ್ತದೆ, ಸಿಕ್ಕಿದ್ದನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬುದೆಲ್ಲ ಅಲ್ಲಿಂದ ತಾನಾಗಿ ಬಿಚ್ಚಿಕೊಳ್ಳುತ್ತದೆ. ಲೈಸೆನ್ಸನ್ನು ಆಯಾ ಸರ್ಕಾರದಿಂದಲೇ ಕೊಳ್ಳಬೇಕು. ನಡುವೆ ನಿಂತು ಕಮಿಷನ್ ತಿನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಗಾಳದ ಸಾಮಾನಿನ ಅಂಗಡಿಯವನನ್ನು ಮಾತಿಗೆಳೆದರೆ ಪುಸ್ತಕದಲ್ಲಿಲ್ಲದ ಸಂಗತಿಗಳೂ ಸಿಗುತ್ತವೆ, ಅವನಿಂದ ಎರಡು ಕೊಕ್ಕೆ ಕೊಂಡರೆ ಇನ್ನೂ ಬೇಗ ಸಿಗುತ್ತವೆ. ಮೊಮ್ಮಗನನ್ನೂ ಮರೆಯುವಂತಿಲ್ಲ. ಇಂಗ್ಲೆಂಡಿನಲ್ಲಿ 13ರಿಂದ 16 ವರ್ಷದವರಿಗೆ ಲೈಸೆನ್ಸ್ ಬಿಟ್ಟಿ. ಬಿಟ್ಟಿಯಾದರೂ ಅವನ ಹೆಸರಿನಲ್ಲಿ ಮಾಡಿಸಿರಲೇಬೇಕು.