ಬೇರೆಯವರ ಗೆರೆಗೆ ಶಾಯಿ

ಡಿಗ್ರಿ ಬಿಟ್ಟು ಪ್ಯಾಶನ್ ಹಿಂದೆ ಓಡಿದವರ ಕಥೆ ಕೇಳಿ ಕೇಳಿ ನಮಗೆ ಸಾಕಾಗಿದೆ. ಫಿಲಿಪ್ಪೀನ್ಸಿನ ಜೆರಿ ಅಲಂಗಿಲಾನ್ (1968–2019) ಹಾಗಲ್ಲ. ಆರ್ಕಿಟೆಕ್ಚರ್ ಓದಿ ಮುಗಿಸಿ, ಲೈಸೆನ್ಸನ್ನೂ ಪಡೆದು, ಆಮೇಲೆ ಕಾಮಿಕ್ಸಿಗೆ ಬಂದವರು.

ಅಮೆರಿಕದ ಕಂಪನಿಗಳಿಗೆ ಮಾಡಿದ್ದು ಹೆಚ್ಚಾಗಿ ಇಂಕಿಂಗ್. ಅಂದ್ರೆ, ಬೇರೆಯವರು ಪೆನ್ಸಿಲ್ಲಲ್ಲಿ ಬಿಡಿಸಿದ ಚಿತ್ರಕ್ಕೆ ಶಾಯಿ ಹಾಕೋದು. 'ಸೂಪರ್‌ಮ್ಯಾನ್: ಬರ್ತ್‌ರೈಟ್'ನಲ್ಲಿ ಪೆನ್ಸಿಲ್ ಲೇನಿಲ್ ಯು ಅವರದು, ಶಾಯಿ ಇವರದು. ನಮ್ಮ ಪ್ರಾಜೆಕ್ಟ್ ಟೀಮಲ್ಲಿ ರಿಪೋರ್ಟ್ ಫಾರ್ಮ್ಯಾಟ್ ಮಾಡೋನಿಗೆ ಸಿಗುವಷ್ಟೇ ಮರ್ಯಾದೆ ಈ ಕೆಲಸಕ್ಕೆ! ಆದರೆ ಗೆರೆ ಎಲ್ಲಿ ದಪ್ಪ ಇರಬೇಕು, ಎಲ್ಲಿ ತೆಳು, ನೆರಳು ಎಷ್ಟು ಕಪ್ಪು ಅನ್ನೋದು ಇಂಕರ್ ಕೈಯಲ್ಲೇ ಇರುತ್ತೆ. ಡ್ರಾಯಿಂಗ್ ಶೀಟ್ ಎರಡೆರಡು ಸಲ ಬರೆದ ನಮಗಾದರೂ ಇದು ಅರ್ಥ ಆಗಬೇಕು.

ಹಾಗಂತ ಸ್ವಂತದ್ದು ಬಿಡಲಿಲ್ಲ. 'ಎಲ್ಮರ್' ಕಥೆ, ಚಿತ್ರ ಎರಡೂ ಅವರದೇ. 2006ರಿಂದ ನಾಲ್ಕು ಸಂಚಿಕೆಗಳಾಗಿ ತಾವೇ ಪ್ರಕಟಿಸಿದರು. ಕೋಳಿಗಳಿಗೆ ಇದ್ದಕ್ಕಿದ್ದಂತೆ ಮನುಷ್ಯರ ಬುದ್ಧಿ, ಮಾತು ಬಂದುಬಿಡುತ್ತೆ. ನಗು ಬರುತ್ತೆ, ಅಲ್ವಾ? ಆದರೆ ಜೇಕ್ ಅನ್ನೋ ಹುಂಜ ತೀರಿಹೋದ ಅಪ್ಪನ ಡೈರಿ ಓದ್ತಾ ಓದ್ತಾ ಕೊಲೆ, ಭಯ, ಅವಮಾನ ಎಲ್ಲ ಬಿಚ್ಚಿಕೊಳ್ಳುತ್ತೆ. (ಮೆಸ್ಸಿನ ಚಿಕನ್ ದಿನ ಓದಬೇಡಿ.) 2011ರಲ್ಲಿ ಅದು ಐಸ್ನರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು.

ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಕೆಲಸ. ಹಿರಿಯ ಕಲಾವಿದ ಫ್ರಾನ್ಸಿಸ್ಕೊ ಕೋಚಿಂಗ್ 1950ರ ದಶಕದಲ್ಲಿ ಬರೆದ 'ಎಲ್ ಇಂಡಿಯೊ'ದ ಪುಟಗಳನ್ನು ಕೂತು ಸರಿಪಡಿಸಿ, ಮತ್ತೆ ಪುಸ್ತಕವಾಗುವ ಹಾಗೆ ಮಾಡಿದರು. ಕೋಚಿಂಗ್ ಆಗಲೇ ತೀರಿಕೊಂಡಿದ್ದರು. ಅವರಿಗೆ ದೇಶದ 'ರಾಷ್ಟ್ರೀಯ ಕಲಾವಿದ' ಗೌರವ ಸಿಕ್ಕಿದ್ದು 2014ರಲ್ಲಿ.