ಕಾಯೋರು ಒಬ್ಬರಿರಬೇಕು

ಮೂವತ್ತು ದಾಟುತ್ತಿದ್ದ ಹಾಗೆ ನಮ್ಮ ಗೆಳೆಯರ ಗುಂಪಿನ ಮಾತೇ ಬದಲಾಗಿದೆ. ಮೊದಲು ಯಾವ ಸಿನಿಮಾ, ಯಾವ ಟ್ರಿಪ್ ಅಂತಿದ್ದವರು ಈಗ ಎಸ್‌ಐಪಿ ಎಷ್ಟು ಹಾಕ್ತಿದ್ದೀಯ, ಎನ್‌ಪಿಎಸ್ ಓಪನ್ ಮಾಡಿದ್ಯಾ, ಟರ್ಮ್ ಇನ್ಶೂರೆನ್ಸ್ ಮಾಡಿಸಿದ್ಯಾ ಅಂತ ಕೇಳ್ತಾರೆ. ಒಳ್ಳೆಯದೇ. ವಯಸ್ಸಾದ ಮೇಲೆ ಕೈಯಲ್ಲಿ ಕಾಸಿರಬೇಕು. ಆದರೆ ಎಂಬತ್ತರ ವಯಸ್ಸಿನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಜೊತೆ ಕೂತು ಕಾಫಿ ಕುಡಿಯೋರು ಯಾರು? ಆ ಕಾಲಂ ಯಾರ ಎಕ್ಸೆಲ್ ಶೀಟಿನಲ್ಲೂ ನಾನು ನೋಡಿಲ್ಲ.

ಈ ಪ್ರಶ್ನೆ ನಮ್ಮ ತಾತನದು. ತಾತನಿಗೆ ಈಗ 82. ಗುಬ್ಬಿ ತಾಲ್ಲೂಕಿನ ಪ್ರೈಮರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು, ರಿಟೈರ್ ಆದ ಮೇಲೆ ತುಮಕೂರಿನಲ್ಲಿ ನೆಲೆಸಿದ್ದಾರೆ. ಬಿಪಿ ಇದೆ, ಎರಡೂ ಮಂಡಿ ನೋವಿದೆ, ಒಂದು ಕಿವಿ ಸ್ವಲ್ಪ ಮಂದ. ಆದರೂ ನನಗೆ ಗೊತ್ತಿರೋರ ಪೈಕಿ ಚೆನ್ನಾಗಿ ವಯಸ್ಸಾಗಿರೋದು ಅಂದ್ರೆ ಇವರಿಗೇ. ಅದು ಹೇಗೆ ಅಂತ ಈ ಸಲ ಬರೀತಿದ್ದೀನಿ.

ಐದು ಜನ, ಒಂದು ಬೆಟ್ಟ

ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ದೇವರಾಯನದುರ್ಗ ಇದೆ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಬರೋ ದಾರಿಯ ಕಾಡಿನಲ್ಲಿ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರು ಬೇಕಾಗಿ ಬಾಣ ಬಿಟ್ಟಾಗ ಬಂಡೆಯಿಂದ ಚಿಮ್ಮಿದ ನೀರು ಅನ್ನೋದು ಅಲ್ಲಿನ ಕಥೆ. ಬೆಂಗಳೂರಿನ ನಮ್ಮಂಥವರಿಗೆ ಅದು ವೀಕೆಂಡ್ ಬೈಕ್ ರೈಡ್. ತಾತ ಮತ್ತು ಅವರ ನಾಲ್ಕು ಜನ ಗೆಳೆಯರಿಗೆ ಅದು ತಿಂಗಳಿಗೊಂದು ಭಾನುವಾರದ ಕಟ್ಟುಪಾಡು.

ಹರೆಯದಲ್ಲಿ ಸೈಕಲ್ ತುಳಿದುಕೊಂಡು ಹೋಗ್ತಿದ್ರಂತೆ. ಆಮೇಲೆ ಬಸ್ಸು. ಐವತ್ತು ದಾಟೋವರೆಗೂ ಬುಡದಿಂದ ತುದಿಯವರೆಗೆ ನಡಿಗೆ. ಅರವತ್ತರ ನಂತರ ಆಟೋದಲ್ಲಿ ಮೇಲೆ ಹೋಗಿ ಕೊನೆಯ ಮೆಟ್ಟಿಲು ಮಾತ್ರ. ಈಗ ಅದೂ ಇಲ್ಲ. ಕೆಳಗಿನ ದೇವಸ್ಥಾನಕ್ಕೆ ಕೈ ಮುಗಿದು, ಚಿಲುಮೆ ಹತ್ತಿರ ಮರದ ನೆರಳಲ್ಲಿ ಕೂತು, ತಂದ ಚಿತ್ರಾನ್ನ ತಿಂದು ವಾಪಸ್.

‘ಮೇಲೆ ಹತ್ತೋಕಾಗಲ್ಲ ಅಂತ ಬೇಜಾರಿಲ್ವಾ ತಾತ?’ ಅಂತ ಒಮ್ಮೆ ಕೇಳಿದ್ದೆ. ‘ಬೆಟ್ಟ ಹತ್ತೋದು ನೆಪ ಕಣೋ. ನೆಪ ಚಿಕ್ಕದಾದ್ರೆ ಏನಂತೆ, ಜನ ಅವರೇ ತಾನೆ’ ಅಂದ್ರು.

ಇದೇ ಬೆಟ್ಟದಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತೆ, ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ. ಐವರೂ ಹಾಗೇ. ಒಬ್ಬರು ಮೇಷ್ಟ್ರು, ಒಬ್ಬರು ಪೋಸ್ಟ್‌ಮ್ಯಾನ್, ಒಬ್ಬರು ಟೈಲರ್, ಇನ್ನಿಬ್ಬರದು ಕುಣಿಗಲ್ ಕಡೆ ತೆಂಗಿನ ತೋಟ. ಜಾತಿ ಬೇರೆ, ಓಟು ಹಾಕೋ ಪಾರ್ಟಿ ಬೇರೆ, ಆ ಭಾನುವಾರ ಮಾತ್ರ ಒಂದೇ.

ಮೂರು ಜಾಗ ಖಾಲಿ

ತೋಟದವರಿಬ್ಬರು ಕೊರೊನಾಕ್ಕೂ ಮೊದಲೇ ಹೋದರು. ಎರಡು ವರ್ಷದ ಹಿಂದೆ ಟೈಲರ್ ಅಜ್ಜನೂ ತೀರಿಕೊಂಡರು. ತಾತನ ಮದುವೆಯ ಶರ್ಟು ಹೊಲಿದವರು ಅವರು.

ಆಮೇಲೆ ತಾತ ಬೆಟ್ಟಕ್ಕೆ ಹೋಗೋದು ನಿಲ್ಲಿಸಿದರು. ಬೆಳಗಿನ ವಾಕಿಂಗ್ ನಿಂತಿತು. ಪೇಪರ್ ಮಡಿಕೆ ಬಿಚ್ಚದೆ ಟೀಪಾಯ್ ಮೇಲೇ ಇರ್ತಿತ್ತು. ರಾತ್ರಿ ಒಂದು ಮುದ್ದೆ ಉಣ್ಣೋರು ಅರ್ಧಕ್ಕೇ ಕೈ ತೊಳೀತಿದ್ರು. ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ‘ರಿಪೋರ್ಟ್ ನಾರ್ಮಲ್’ ಅಂದ್ರು. ಮನೇಲಿ ಎಲ್ಲರಿಗೂ ಒಂದು ಭಯ ಇತ್ತು, ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ ಅಷ್ಟೇ.

ಮೂರು ತಿಂಗಳು ಹೀಗೇ ಕಳೆದ ಮೇಲೆ, ನವೆಂಬರ್‌ನಲ್ಲಿ ಒಂದು ದಿನ ಪೋಸ್ಟ್‌ಮ್ಯಾನ್ ಅಜ್ಜ ಮನೆಗೆ ಬಂದರು. ಸಮಾಧಾನದ ಮಾತೇನೂ ಆಡಲಿಲ್ಲ. ‘ಮೇಷ್ಟ್ರೇ, ಬ್ಯಾಂಕಿಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕು. ನಂಗೆ ಫಾರಂ ಅಕ್ಷರ ಕಾಣಲ್ಲ. ನೀವು ಬಂದು ತುಂಬಿಕೊಡಿ’ ಅಂದ್ರು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೀವಿ ಅಂತ ಸಾಬೀತು ಮಾಡೋ ಕಾಗದ ಅದು.

ನಾನು ಅಲ್ಲೇ ಇದ್ದೆ. 2014ರಿಂದ ‘ಜೀವನ್ ಪ್ರಮಾಣ್’ ಅನ್ನೋ ಡಿಜಿಟಲ್ ವ್ಯವಸ್ಥೆ ಇದೆ. ಈಗಂತೂ ಮೊಬೈಲ್‌ಗೆ ಮುಖ ತೋರಿಸಿದರೆ ಸಾಕು, ಮನೆಯಲ್ಲೇ ಕೆಲಸ ಆಗುತ್ತೆ. ಅದನ್ನು ಹೇಳಿದೆ. ಪೋಸ್ಟ್‌ಮ್ಯಾನ್ ಅಜ್ಜ ನಕ್ಕು, ‘ಗೊತ್ತು ಮಗ, ಹೋದ ವರ್ಷ ಮೊಮ್ಮಗಳು ಹಂಗೇ ಮಾಡಿದ್ಲು. ಎರಡು ನಿಮಿಷದಲ್ಲಿ ಮುಗ್ದೋಯ್ತು. ಆಮೇಲೆ ಇಡೀ ದಿನ ಏನ್ ಮಾಡೋದು?’ ಅಂದ್ರು.

ತಾತ ಎದ್ದು ಪಂಚೆ ಬದಲಾಯಿಸಿಕೊಂಡರು. ಇಬ್ಬರೂ ಬ್ಯಾಂಕಿಗೆ ಹೋಗಿ, ಕ್ಯೂನಲ್ಲಿ ಇನ್ನೂ ನಾಲ್ಕು ಜನ ಹಳಬರ ಹತ್ತಿರ ಮಾತಾಡಿ, ದೋಸೆ ತಿಂದು ಎರಡು ಗಂಟೆಗೆ ಬಂದರು. ಮುಂದಿನ ಭಾನುವಾರ ಬೆಟ್ಟಕ್ಕೂ ಹೋದರು. ಅವತ್ತಿಂದ ಪೋಸ್ಟ್‌ಮ್ಯಾನ್ ಅಜ್ಜ ದಿನಾ ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಂತು ‘ಮೇಷ್ಟ್ರೇ’ ಅಂತ ಕೂಗ್ತಾರೆ. ತಾತ ಅದಕ್ಕೆ ಹೇಳೋದು: ‘ಬ್ಯಾಂಕಿನೋರು ನಾನು ಬದುಕಿದ್ದೀನಾ ಅಂತ ವರ್ಷಕ್ಕೊಂದು ಸಲ ಕೇಳ್ತಾರೆ. ಇವನು ದಿನಾ ಕೇಳ್ತಾನೆ.’

ನಮ್ಮ ಕೆಲಸವೇ ಜನರ ಓಡಾಟ ತಪ್ಪಿಸೋದು. ಬಿಲ್ಲು, ದಿನಸಿ, ಔಷಧಿ ಎಲ್ಲಾ ಆ್ಯಪ್‌ನಲ್ಲಿ. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ಆದರೆ ನಡೆಯೋ ಶಕ್ತಿ ಇರೋ ಹಿರಿಯರಿಗೆ ಆ ಓಡಾಟವೇ ನಾಲ್ಕು ಜನರ ಮುಖ ನೋಡೋ ದಾರಿ. ಅಪ್ಪನಿಗೆ ‘ನೀವು ಕೂತ್ಕೊಳಿ, ನಾನು ಆರ್ಡರ್ ಮಾಡ್ತೀನಿ’ ಅನ್ನೋ ಮೊದಲು ಇದೊಂದು ನೆನಪಿರಲಿ.

ಅವರಿಗಾಗಿ ಏನೋ ಕಾಯ್ತಿತ್ತು

ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಿಂದ ಒಂದು ಅಧ್ಯಯನ ನಡೀತಾ ಇದೆ. ಕಾಲೇಜು ಹುಡುಗರು, ಬೋಸ್ಟನ್ನಿನ ಬಡ ಬಡಾವಣೆಯ ಹುಡುಗರು ಸೇರಿ 724 ಜನರನ್ನು ಜೀವನದುದ್ದಕ್ಕೂ ಗಮನಿಸಿದ್ದಾರೆ. ಐವತ್ತನೇ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿ ಇದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಇದನ್ನು ತಾತನಿಗೆ ಹೇಳಿದರೆ, ‘ಇದಕ್ಕೆ ಅಷ್ಟು ವರ್ಷ ಬೇಕಾಯ್ತಾ?’ ಅಂದ್ರು.

ಅವರ ಉದಾಹರಣೆಗಳು ಸುತ್ತಮುತ್ತಲಿನವೇ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಮದುವೆಯಾಗಿ ಹೋಗಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಮಕ್ಕಳಿಲ್ಲದ ಅವರು, ಗಂಡ ಚಿಕ್ಕಯ್ಯನ ಜೊತೆ ಕುದೂರಿನವರೆಗೆ ರಸ್ತೆ ಬದಿಯಲ್ಲಿ ನೂರಾರು ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ತಿಮ್ಮಕ್ಕ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲಿ ಪದ್ಮಶ್ರೀ ಬಂದ ವರ್ಷವೇ ರಸ್ತೆ ಅಗಲ ಮಾಡೋಕೆ ಆ ಮರಗಳಿಗೆ ಕೊಡಲಿ ಬೀಳುತ್ತೆ ಅಂದಾಗ, ನೂರು ದಾಟಿದ ಆ ಹಿರಿಯಕ್ಕ ಮುಖ್ಯಮಂತ್ರಿಗೇ ಬೇಡ ಅಂತ ಕೇಳಿಕೊಂಡರು. 2025ರ ನವೆಂಬರ್‌ನಲ್ಲಿ, 114ನೇ ವಯಸ್ಸಿನಲ್ಲಿ ಹೋದರು.

ಇನ್ನೊಬ್ಬರು ತುಮಕೂರಿನವರೇ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 1907ರಲ್ಲಿ ಹುಟ್ಟಿ 2019ರ ಜನವರಿಯವರೆಗೆ ಬದುಕಿದವರು. ನೂರು ದಾಟಿದ ಮೇಲೂ ಮಠದ ಸಾವಿರಾರು ಮಕ್ಕಳ ಊಟ, ಓದು ವಿಚಾರಿಸ್ತಾ ಇದ್ರು. ‘ಒಬ್ಬರಿಗೆ ಮರ ಕಾಯ್ತಿತ್ತು, ಇನ್ನೊಬ್ಬರಿಗೆ ಮಕ್ಕಳು ಕಾಯ್ತಿದ್ರು. ನಮ್ಮಂಥ ಸಾಮಾನ್ಯರಿಗೆ ಗೇಟ್ ಹತ್ರ ಒಬ್ಬ ಪೋಸ್ಟ್‌ಮ್ಯಾನ್ ಕಾದರೆ ಸಾಕು’ ಅಂತಾರೆ ತಾತ.

ನಮಗೆ ಹೇಳಿದ ಮೂರು ಮಾತು

ಒಂದು, ನಿನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರ ಸ್ನೇಹವೂ ಇರಲಿ. ಎಲ್ಲರೂ ಒಂದೇ ವಯಸ್ಸಿನವರಾದರೆ ಹೆಚ್ಚುಕಮ್ಮಿ ಒಟ್ಟಿಗೇ ಖಾಲಿಯಾಗ್ತಾರೆ. ತಾತನ ವಾಕಿಂಗ್ ಗುಂಪಿಗೆ ಈಗ ಅರವತ್ತೈದರ ಒಬ್ಬರು ಸೇರಿದ್ದಾರೆ. ಅವರೇ ‘ಹುಡುಗ’.

ಎರಡು, ಕಾಯಿಲೆಯ ಮಾತಿಗೆ ದಿನಕ್ಕೆ ಹತ್ತೇ ನಿಮಿಷ. ಅದೂ ವಾಕಿಂಗ್ ಶುರುವಿನಲ್ಲೇ ಮುಗಿಸಬೇಕು.

ಮೂರು, ಸಹಾಯ ಕೇಳೋದಕ್ಕೆ ನಾಚಿಕೆ ಬೇಡ. ಫಾರಂ ತುಂಬಿಕೊಡಿ ಅಂತ ಕೇಳಿದ್ದರಿಂದಲೇ ತಾತ ಎದ್ದು ನಿಂತಿದ್ದು. ‘ಹೆಂಗಿದ್ದೀರಾ’ ಅಂದಿದ್ರೆ ‘ಚೆನ್ನಾಗಿದ್ದೀನಿ’ ಅಂತ ಹೇಳಿ ಮತ್ತೆ ಮಲಗ್ತಿದ್ರು.

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರೆ 14567 ಅನ್ನೋ ನಂಬರನ್ನು ಅವರ ಫೋನಿಗೆ ಹಾಕಿಕೊಡಿ. ಹಿರಿಯರಿಗಾಗಿ ಇರೋ ಉಚಿತ ಸಹಾಯವಾಣಿ ಅದು. ಪಿಂಚಣಿ, ಕಾನೂನು, ಒಂಟಿತನ ಯಾವುದಕ್ಕಾದರೂ ಕರೆ ಮಾಡಬಹುದು.

ಇನ್ನು ನಮ್ಮ ವಿಷಯ. ಹುಟ್ಟುಹಬ್ಬಕ್ಕೆ ಮಾತ್ರ ಮೆಸೇಜ್ ಹಾಕೋ ಹಳೇ ಗೆಳೆಯ ನಿಮಗೂ ಒಬ್ಬ ಇದ್ದೇ ಇರ್ತಾನೆ. ಈ ವಾರ ಅವನಿಗೆ ಫೋನ್ ಮಾಡಿ. ಹೇಗಿದ್ದೀಯ ಅಂತ ಕೇಳಬೇಡಿ, ಏನಾದರೂ ಒಂದು ಸಣ್ಣ ಕೆಲಸ ಹೇಳಿ.