ಎಂಟುನೂರೋ, ಸ್ಯಾಂಟ್ರೋ?

ಸೋದರಿಯರೇ, ಕಾರಿನ ವಿಷಯ ಗಂಡಸರದು ಅಂತ ಪುಟ ತಿರುಗಿಸಬೇಡಿ. ಮಕ್ಕಳನ್ನು ಶಾಲೆಗೆ ಬಿಡುವವರು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಈಗ ನಾವೇ ಅಲ್ಲವೇ? ಪೀಣ್ಯ, ವೈಟ್‌ಫೀಲ್ಡ್ ಕಡೆ ಎಷ್ಟೋ ಮನೆಗಳಿಗೆ ಮೊದಲು ಬರುವುದು ಹಳೆಯ ಕಾರೇ. ಮಾರುತಿ 800 ಕೊಳ್ಳುವುದೋ, ಹಳೆಯ ಸ್ಯಾಂಟ್ರೋ ಕೊಳ್ಳುವುದೋ ಎಂಬ ಮಾತು ಬಂದಾಗ ಎರಡರ ಗುಣ-ದೋಷ ತಿಳಿದಿರಲಿ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿಯದು 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್, ಹಗುರವಾದ ಮೈ. ಮಾರ್ಕೆಟ್ಟಿನ ಇಕ್ಕಟ್ಟು ಬೀದಿಯಲ್ಲಿ ಸಲೀಸಾಗಿ ನುಸುಳುತ್ತದೆ. ಆದರೆ ನಾಲ್ವರು ಕೂತು ಎ.ಸಿ. ಹಾಕಿದರೆ ಏರು ಹತ್ತಲು ಏದುಸಿರು ಬಿಡುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಲ್ಲಿ ದೊಡ್ಡ ಬಸ್ಸು ಪಕ್ಕಕ್ಕೆ ಬಂದರೆ ಮೈ ಅಲ್ಲಾಡುತ್ತದೆ.

1998ರಲ್ಲಿ ಬಂದ ಸ್ಯಾಂಟ್ರೋಗೆ ನಾಲ್ಕು ಸಿಲಿಂಡರು; ಮೊದಲು 999, ಆಮೇಲೆ 1086 ಸಿ.ಸಿ. ಭಾರ ಎಳೆಯುವ ಶಕ್ತಿ ಹೆಚ್ಚು. ಸೀಟು ಎತ್ತರ, ಮಂಡಿನೋವಿನವರಿಗೆ ಹತ್ತಿ ಇಳಿಯಲು ಹಿತ. ಪವರ್ ಸ್ಟೀರಿಂಗ್ ಇರುವ ಮಾದರಿಯನ್ನೇ ನೋಡಿ, ತೋಳಿಗೆ ಶ್ರಮವಿಲ್ಲ.

ಖರ್ಚಿನ ಮಾತಿಗೆ ಬಂದರೆ ಮಾರುತಿಯೇ ಮೇಲು. ಪೆಟ್ರೋಲ್ ಕಡಿಮೆ, ಬಿಡಿಭಾಗ ಅಗ್ಗ, ಯಾವ ಮೂಲೆಯ ಮೆಕ್ಯಾನಿಕ್ಕಿಗೂ ಕೈ ಪಳಗಿದ ಗಾಡಿ. ಎರಡರಲ್ಲೂ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು ಅಂತ ಕೇಳಿ; ಅದು ಕಿತ್ತರೆ ಗಾಡಿ ಅಲ್ಲೇ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಹಳತಾದರೆ ಬಿರಿಯುವುದಿಲ್ಲವೇ, ಹಾಗೆಯೇ ಹಳೆಯ ಪೆಟ್ರೋಲ್ ಪೈಪುಗಳೂ. ಕೊಂಡ ಕೂಡಲೇ ಅವನ್ನು ಬದಲಾಯಿಸಿಬಿಡಿ.

ಎಲ್ಲಕ್ಕಿಂತ ಮುಖ್ಯ ಕಾಗದಪತ್ರ. ಬೆಂಗಳೂರಿನಲ್ಲಿ 800ರ ಮಾರಾಟ 2010ರಲ್ಲೇ ನಿಂತಿತು. ಅಂದರೆ ಇಲ್ಲಿ ಹೊಸದಾಗಿ ಕೊಂಡ ಎಂಟುನೂರು ಯಾವುದೇ ಇರಲಿ, 15 ವರ್ಷ ದಾಟಿರುತ್ತದೆ. ಹಳೆಯ ಸ್ಯಾಂಟ್ರೋ 2014ರವರೆಗೆ ಬಂತು. 15 ವರ್ಷ ತುಂಬಿದ ಮೇಲೆ ಆರ್.ಟಿ.ಓ. ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದಕ್ಕೆ 5,000 ರೂಪಾಯಿ ಶುಲ್ಕ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿಸಿದರು. ಹಸಿರು ತೆರಿಗೆ ಬೇರೆ. ಅಗ್ಗವೆಂದು ತಂದ ಗಾಡಿಗೆ ಈ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಹಾಗಾದರೆ ಯಾವುದು? ಶಾಲೆ, ತರಕಾರಿ, ಡಾಕ್ಟರ ಶಾಪು, ಇಷ್ಟೇ ಓಡಾಟವಾದರೆ ಮಾರುತಿ ಸಾಕು. ಹಿರಿಯರನ್ನು ಕೂರಿಸಿಕೊಂಡು ದಿನಾ ಹೊಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಹೋಗುವುದಿದ್ದರೆ ಸ್ಯಾಂಟ್ರೋ. ಇವತ್ತಿನ ಕಾರಿನಷ್ಟು ರಕ್ಷಣೆ ಎರಡರಲ್ಲೂ ಇಲ್ಲ, ಆದ್ದರಿಂದ ವೇಗದ ಆಸೆ ಬೇಡ. ಬೆಲ್ಟ್ ಹಾಕದೆ ಹೊರಡಬೇಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಹೊಳೆಯುವ ಬಣ್ಣ ನೋಡಿ ಅಡ್ವಾನ್ಸ್ ಕೊಡಬೇಡಿ, ನೆಲದ ಮ್ಯಾಟ್ ಎತ್ತಿ ತುಕ್ಕು ಹಿಡಿದಿದೆಯಾ ನೋಡಿ.